ಹುಣಸೆಹಣ್ಣಿನಲ್ಲಿ ಉಜ್ಜಿದ ಸ್ಪೆಕ್ಟ್ರೋಮೀಟರ್

ನಮ್ಮ ಕಾಲೇಜಿನಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಗೌರವಿಸುವುದಕ್ಕಾಗಿ ಫಿಸಿಕ್ಸ್ ಲ್ಯಾಬನ್ನು ಖಾಲಿ ಮಾಡಿಸಿದರು. ಬರೆದು ಓದಿಕೊಂಡರೆ ನಗೆಹನಿಯ ಹಾಗೆ ಕಾಣುತ್ತದೆ. ನಗೆಹನಿಯಲ್ಲ, ನಡೆದದ್ದು. ನೆನೆಸಿಕೊಂಡರೆ ಇವತ್ತಿಗೂ ಹುಳಿತೇಗು ಬರುತ್ತದೆ.

ಕಾಲೇಜಿನ ಹೆಸರು ಬೇಡ. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆಯಿಂದ ಮಕ್ಕಳು ಬಸ್ಸು ಹತ್ತಿ ಬರುವ ಒಂದು ಡಿಗ್ರಿ ಕಾಲೇಜು ಅಂದರೆ ಸಾಕು. ನಾನು ಅಲ್ಲೇ ಬಿ.ಎಸ್ಸಿ. ಓದಿದವಳು, ಈಗ ಅಲ್ಲೇ ಫಿಸಿಕ್ಸ್ ಪಾಠ ಮಾಡುವವಳು. ನಮ್ಮದು ಅಜ್ಜಂಪುರದ ಕಡೆಯ ಹಳ್ಳಿ. ಖುಷ್ಕಿ ಜಮೀನು, ಜೊತೆಗೊಂದು ತೆಂಗಿನ ತೋಟ. ನನಗಿಂತ ಮುಂಚೆ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರು ಇಲ್ಲ. ಇದನ್ನು ಹೇಳುವಾಗ ನಾನು ತಲೆ ತಗ್ಗಿಸುವುದೂ ಇಲ್ಲ, ಕಣ್ಣು ಒರೆಸಿಕೊಳ್ಳುವುದೂ ಇಲ್ಲ. ಮಾಡಿದ್ದೇನೆ, ಹೇಳುತ್ತೇನೆ.

ಕಷ್ಟ ಇದ್ದದ್ದು ಹೊಟ್ಟೆಗಲ್ಲ. ಮನೆಯಲ್ಲಿ ರಾಗಿ ಇತ್ತು, ಹಟ್ಟಿಯಲ್ಲಿ ಎಮ್ಮೆ ಇತ್ತು. ಕಷ್ಟ ಏನೆಂದರೆ, ನಾನು ಓದುತ್ತಿರುವುದು ಏನು ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅರ್ಥವಾಗದಿದ್ದರೆ ಕೇಳುವುದಕ್ಕೆ ಜನ ಇರಲಿಲ್ಲ, ಅರ್ಥವಾದರೆ ಹೇಳುವುದಕ್ಕೂ ಇರಲಿಲ್ಲ. ಸೋದರಮಾವ ಬಂದಾಗಲೆಲ್ಲ ಒಂದೇ ಮಾತು: "ಏನಮ್ಮಣ್ಣಿ, ಅದೇನೋ ಫಿಜಿಕ್ಸಂತೆ? ಓದ್ಬಿಟ್ಟು ಏನ್ ಮೋಟ್ರು ವೈಂಡಿಂಗ್ ಅಂಗಡಿ ಇಕ್ತೀಯಾ?" ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು, ಆದರೆ ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸುತ್ತಿದ್ದವರೂ ಅವರೇ.

ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ, ಪಿ.ಯು.ಸಿ.ಯನ್ನು ಗೈಡು ನಂಬಿ ದಾಟಿದ್ದ ನನಗೆ ಮೊದಲ ವರ್ಷವೆಲ್ಲ ಬೋರ್ಡಿನ ಮೇಲೆ ಮಳೆ ಸುರಿದ ಹಾಗೆ ಕಾಣುತ್ತಿತ್ತು. ಬಾಯಿಪಾಠ ಮಾಡಿದೆ, ಗಣಿತದಲ್ಲಿ ಫೇಲಾದೆ, ಮತ್ತೆ ಕಟ್ಟಿದೆ. ಇನ್ನು ಸಾಕು, ಮನೆಗೆ ಹೋಗಿಬಿಡೋಣ ಅನ್ನಿಸಿದ್ದ ಕಾಲದಲ್ಲೇ ಒಂದು ದಿನ ಲ್ಯಾಬಿನ ಡಾರ್ಕ್ ರೂಮಿನಲ್ಲಿ ಸ್ಪೆಕ್ಟ್ರೋಮೀಟರಿನ ಮುಂದೆ ಕೂರಿಸಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದೊಂದು ಹಿತ್ತಾಳೆಯ ಯಂತ್ರ. ನಡುವೆ ದುಂಡನೆಯ ತಟ್ಟೆ, ತಟ್ಟೆಯ ಮೇಲೆ ಪ್ರಿಸಂ ಎನ್ನುವ ಮೂರು ಮೂಲೆಯ ಗಾಜು. ಒಂದು ಕೊಳವೆಯಿಂದ ಬೆಳಕು ಒಳಗೆ ಬರುತ್ತದೆ, ಗಾಜಿನಲ್ಲಿ ಬಾಗುತ್ತದೆ. ಇನ್ನೊಂದು ಕೊಳವೆಗೆ ಕಣ್ಣಿಟ್ಟು ನೋಡಬೇಕು. ಎಷ್ಟು ಬಾಗಿತು ಎನ್ನುವುದನ್ನು ತಟ್ಟೆಯ ಅಂಚಿನಲ್ಲಿ ಕೊರೆದ ಕೂದಲೆಳೆಯಂಥ ಗೆರೆಗಳಲ್ಲಿ ಓದಬೇಕು. ಆ ಗೆರೆಗಳೇ ಅದರ ಜೀವ.

ಸೋಡಿಯಂ ದೀಪ ಮೊದಲು ಗುಲಾಬಿ ಬಣ್ಣದಲ್ಲಿ ಹತ್ತಿ, ನಿಧಾನವಾಗಿ ಅರಿಸಿನದ ಬಣ್ಣಕ್ಕೆ ತಿರುಗಿತು. ಕಣ್ಣಿಟ್ಟೆ. ಕತ್ತಲೆಯಲ್ಲಿ ಒಂದು ಹಳದಿ ಗೆರೆ ನಿಂತಿತ್ತು. ಆಗಿನ ನಮ್ಮ ಮೇಷ್ಟ್ರು ಹಿಂದೆ ನಿಂತು, "ತಟ್ಟೆ ತಿರುಗಿಸ್ತಾ ಹೋಗಮ್ಮ. ಗೆರೆ ಒಂದ್ ಕಡೆಗೆ ಹೋಗ್ತದೆ. ಎಲ್ಲೋ ಒಂದ್ ಜಾಗದಲ್ಲಿ ನಿಂತು ವಾಪಸ್ ತಿರುಗ್ತದೆ. ಎಲ್ಲಿ ಅಂತ ನಾನ್ ಹೇಳಲ್ಲ, ನೀನೇ ಹೇಳ್ಬೇಕು" ಅಂದರು. ತಿರುಗಿಸಿದೆ. ಗೆರೆ ಹೋಯಿತು, ಹೋಯಿತು, ನಿಂತಿತು. ನಾನು ತಟ್ಟೆಯನ್ನು ಅದೇ ದಿಕ್ಕಿಗೆ ತಿರುಗಿಸುತ್ತಲೇ ಇದ್ದೇನೆ, ಗೆರೆ ಮಾತ್ರ ಬಂದ ದಾರಿಯಲ್ಲೇ ವಾಪಸ್ ಹೊರಟಿತು. "ನಿಂತ್ಕಂತು ಸಾರ್!" ಎಂದು ಕೂಗಿಕೊಂಡೆ.

ಅಷ್ಟೇ. ಆದರೆ ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡಿದ್ದೆ. ಎಷ್ಟೋ ಕಾಲದ ಹಿಂದೆ, ಯಾವುದೋ ದೇಶದಲ್ಲಿ, ಒಬ್ಬ ಮನುಷ್ಯ ಹೀಗೇ ಒಂದು ಕಣ್ಣು ಮುಚ್ಚಿಕೊಂಡು ಕೂತು ಇದನ್ನೇ ಕಂಡಿರಬೇಕು. ಅವನ ಪಕ್ಕದಲ್ಲಿ ನನಗೂ ಒಂದು ಮಣೆ ಹಾಕಿದ ಹಾಗಾಯಿತು. ವಿಜ್ಞಾನಿಗಳ ಜೀವನದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಹೊತ್ತಿನಲ್ಲಿ. ಭಾಷಣ ಕೇಳಿ ಅಲ್ಲ.

ಇಷ್ಟು ಯಾಕೆ ಹೇಳಿದೆ ಎಂದರೆ, ಖಾಲಿ ಮಾಡಿಸಿದ್ದು ಆ ಲ್ಯಾಬನ್ನು.

ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಕಡೂರಿನಲ್ಲಿ ಕೊಬ್ಬರಿ ಮಂಡಿ. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಎದುರಿಗೆ ಬಂದರೆ ಕೈ ಮುಗಿಯುತ್ತಾರೆ, ಮದುವೆಗೆ ಕರೆದರೆ ಬರುತ್ತಾರೆ. ಒಮ್ಮೆ ಯಾವುದೋ ಊರಿಗೆ ಹೋಗಿ ಮಹಾಪುರುಷರ ಚಿತ್ರಗಳ ಸಭಾಂಗಣ ನೋಡಿಕೊಂಡು ಬಂದರು. ಬಂದವರೇ ಸಭೆ ಕರೆದರು. ನಮ್ಮಲ್ಲೂ 'ವಿಜ್ಞಾನಿಗಳ ಜೀವನ ದರ್ಶನ ಮಂದಿರ' ಆಗಬೇಕು. ಸಾಲಾಗಿ ದೊಡ್ಡ ಚಿತ್ರಗಳು, ಕೆಳಗೆ ಅವರ ಆದರ್ಶ ಜೀವನ. ಮಕ್ಕಳು ನೋಡಿ ಸ್ಫೂರ್ತಿ ಪಡೆಯಬೇಕು.

"ಜಾಗ?" ಎಂದೆ.

"ಲ್ಯಾಬ್ ಐತಲ್ಲ ಮೇಡಮ್ಮೋರೆ. ಗಾಳಿ ಬೆಳಕು ಚೆನ್ನಾಗೈತೆ, ರೋಡಿಗೂ ಕಾಣ್ತದೆ."

"ಲ್ಯಾಬ್ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಬಿಡಿ. ಆ ಸಾಮಾನೆಲ್ಲ ಅಲ್ಲೇ ಗಾಜಿನ ಪೆಟ್ಟಿಗೇಲಿ ಇಟ್ಬಿಡೋಣ. ಚಿತ್ರದ ಮುಂದೆ ಚಿತ್ರದವರ ಸಾಮಾನು! ಹೆಂಗೆ ಐಡಿಯಾ?"

ಪ್ರಿನ್ಸಿಪಾಲರು ತಲೆಯಾಡಿಸಿದರು. ಅವರದು ಇನ್ನು ಸ್ವಲ್ಪವೇ ಸರ್ವೀಸು ಬಾಕಿ ಇತ್ತು, ಯಾವುದಕ್ಕೂ ತಲೆಯಾಡಿಸುತ್ತಿದ್ದರು. ನಾನು ಬಿಡಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಇದೆ, ಹುಡುಗರು ಯಂತ್ರ ಮುಟ್ಟಬೇಕು, ಮುಟ್ಟದೆ ಬಿ.ಎಸ್ಸಿ. ಹೇಗಾಗುತ್ತದೆ ಎಂದೆ. ಕಾರ್ಯದರ್ಶಿಗಳು ನಕ್ಕರು. ಆ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದರಲ್ಲಿ ಕುಹಕ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಗೊತ್ತಿಲ್ಲದವಳಿಗೆ ತಿಳಿಸುವ ಹಿರಿಯರ ನಗು.

"ಅಲ್ಲ ಮೇಡಂ, ಹೊರಗಿಂದ ಪರೀಕ್ಷೆ ಮಾಡೋರು ಬತ್ತಾರೆ, ಹೋಳಿಗೆ ಊಟ ಮಾಡ್ತಾರೆ, ಎಲ್ರಿಗೂ ಫುಲ್ ಮಾರ್ಕ್ಸ್ ಹಾಕ್ತಾರೆ. ಯಾವತ್ತಾದ್ರೂ ಒಬ್ರಾದ್ರೂ ಫೇಲಾಗಿದಾರಾ? ಲ್ಯಾಬ್ ಇದ್ರೇನು, ಬಿಟ್ರೇನು?"

ಆ ಮನುಷ್ಯ ಹೇಳಿದ್ದು ನಿಜ. ಊರೂರಿನಲ್ಲಿ ನಡೆಯುವುದೇ ಹಾಗೆ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ನಿಜವನ್ನೇ ತಂದು ಹೊಲಸು ಕೆಲಸಕ್ಕೆ ಊರುಗೋಲು ಮಾಡಿಕೊಂಡಾಗ ಎದುರಿಗಿರುವವರ ಬಾಯಿ ಕಟ್ಟುತ್ತದೆ. ಸಭೆ ಮುಗಿದು ಖಾರಾಬೂಂದಿ ಬಂತು. ನಾನು ತಿನ್ನಲಿಲ್ಲ.

ಆಮೇಲೆ ದಸರಾ ರಜೆ. ಹಳ್ಳಿಗೆ ಹೋಗಿದ್ದೆ. ಲ್ಯಾಬಿನ ಬೀಗ ತೆಗೆಯುವ ಮುಂಚೆ ನನ್ನನ್ನು ಕರೆಯಬೇಕು, ನಾನೇ ನಿಂತು ಯಂತ್ರಗಳನ್ನು ಜೋಡಿಸಿ ಇಡಿಸುತ್ತೇನೆ ಎಂದು ಹೇಳಿ ಹೋಗಿದ್ದೆ. ರಜೆ ಮುಗಿಸಿ ಬಂದರೆ ಕಾಲೇಜಿನ ಹಿಂದಿನ ಅಂಗಳದಲ್ಲಿ ಗೋಣಿತಾಟು ಹಾಸಿ ಏನೇನೋ ಬಿಸಿಲಿಗೆ ಇಟ್ಟಿದ್ದರು. ದೂರದಿಂದ ನೋಡಿದರೆ ಹಬ್ಬದ ಹಿಂದಿನ ದಿನ ದೇವರ ಸಾಮಾನು ತೊಳೆದು ಹರವಿದ ಹಾಗೆ ಥಳಥಳ ಹೊಳೆಯುತ್ತಿತ್ತು. ಹತ್ತಿರ ಹೋದೆ.

ನಮ್ಮ ಲ್ಯಾಬ್ ಅಟೆಂಡರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ವಯಸ್ಸಾದವರು, ನಾನು ಓದುವಾಗಲೂ ಇದ್ದವರು. ಅವರ ಪಕ್ಕದಲ್ಲಿ ಒಂದು ಬೋಸಿ ತುಂಬ ನೆನೆಹಾಕಿದ ಹುಣಸೆಹಣ್ಣು, ಒಲೆಬೂದಿ, ತೆಂಗಿನ ನಾರಿನ ಜುಂಗು.

"ಸೆಕ್ರೆಟ್ರಿ ಸಾಹೇಬ್ರು ಸಾಮಾನೆಲ್ಲ ಬೆಳಗ್ಬೇಕು ಅಂದ್ರು ಮೇಡಂ. ನಮ್ಮನೆಯವ್ಳೂ ನಾನೂ ಕುಂತು ಒಂದೊಂದೂ ಉಜ್ಜಿದೀವಿ. ನೋಡಿ, ಹೆಂಗ್ ಬಂಗಾರ ಆಗ್ಯದೆ!"

ನಾನು ಬಗ್ಗಿ ಸ್ಪೆಕ್ಟ್ರೋಮೀಟರನ್ನು ಎತ್ತಿಕೊಂಡೆ. ತಟ್ಟೆಯ ಅಂಚನ್ನು ಬಿಸಿಲಿಗೆ ಹಿಡಿದೆ. ಗೆರೆಗಳ ಕಪ್ಪು ಹೋಗಿತ್ತು, ಗೆರೆಗಳ ಕೆಳಗಿನ ಬೆಳ್ಳಿಬಣ್ಣ ಹೋಗಿತ್ತು, ಗೆರೆಗಳೂ ಹೋಗಿದ್ದವು. ಅಲ್ಲೊಂದು ಇಲ್ಲೊಂದು ಅಂಕಿ ಕಂಡೂ ಕಾಣದ ಹಾಗೆ ಉಳಿದಿತ್ತು. ನಾರು ಮತ್ತು ಬೂದಿ ಎರಡೂ ಸೇರಿ ತಿಕ್ಕಿದ ಕಡೆಯೆಲ್ಲ ಹಿತ್ತಾಳೆ ಹೊಸ ತಂಬಿಗೆಯ ಹಾಗೆ ನಯವಾಗಿತ್ತು. ನನ್ನ ಮುಖ ಅದರಲ್ಲಿ ಅಗಲವಾಗಿ ಕಾಣುತ್ತಿತ್ತು.

"ಗಾಜಿಗೆ ಬೂದಿ ತಾಕಬಾರ್ದು ಅಂತ ಅಲ್ಲೆಲ್ಲ ಬಟ್ಟೆ ಕಟ್ಟಿದ್ದೆ ಮೇಡಂ" ಎಂದರು ಅಟೆಂಡರು. ನನ್ನ ಮುಖ ನೋಡಿ ಅವರ ದನಿ ಇಳಿದಿತ್ತು. "ಯಾಕ್ ಮೇಡಂ? ಕಮ್ಮಿ ಆಯ್ತಾ ಹೊಳಪು?"

ಅವರ ಮೇಲೆ ಕೂಗಾಡಲು ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಹಿತ್ತಾಳೆ ಕಂಡರೆ ಅವ್ವ ಮಾಡುವುದೂ ಅದನ್ನೇ. ಗೌರವ ಬಂದ ಕೂಡಲೇ ಉಜ್ಜುತ್ತೇವೆ, ಮಸಿ ಹೋಗಬೇಕು, ಗುರುತು ಹೋಗಬೇಕು, ಹೊಳೆಯಬೇಕು. ದೇವರ ಗಂಟೆಗೆ ಅದರಿಂದ ನಷ್ಟವಿಲ್ಲ. ಅಳೆಯುವ ಯಂತ್ರಕ್ಕೆ ಅದು ಸಾವು. ಆದರೆ ಅಳೆಯುವುದಕ್ಕೆ ಅಂತ ಯಾರು ಹೇಳಿದ್ದರು ಅವರಿಗೆ? ಬೆಳಗಿ ಅಂದಿದ್ದರು, ಬೆಳಗಿದರು. ನನಗೆ ವಾಕರಿಕೆ ಬಂದದ್ದು ಬೆಳಗಿದವರ ಬಗ್ಗೆಯಲ್ಲ, ಬೆಳಗಿಸಿದವರ ಬಗ್ಗೆ.

ಹೋಗಿ ಹೇಳಿದೆ. ಕಾರ್ಯದರ್ಶಿಗಳು ಸ್ಪೆಕ್ಟ್ರೋಮೀಟರನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, "ಗೆರೆ ಹೋದ್ರೆ ಹೋಗ್ಲಿ ಬಿಡಿ ಮೇಡಂ, ದೂರದಿಂದ ನೋಡೋರಿಗೆ ಗೆರೆ ಎಲ್ ಕಾಣ್ತದೆ? ಫೋಟೋದಲ್ಲಿ ಮಾತ್ರ ಭಾಳ ಚೆನ್ನಾಗ್ ಬತ್ತದೆ" ಅಂದರು.

ಚಿತ್ರಗಳು ತರೀಕೆರೆಯ ಫ್ಲೆಕ್ಸ್ ಅಂಗಡಿಯಿಂದ ಬಂದವು. ಸುರುಳಿ ಬಿಚ್ಚಿದರೆ ಎಲ್ಲರಿಗೂ ಒಂದೇ ಕೆನ್ನೆ. ಕೆನ್ನೆಯ ಮೇಲೆ ಒಂದೇ ಗುಲಾಬಿ ಬಣ್ಣ, ತಲೆಯ ಹಿಂದೆ ಒಂದೇ ಪ್ರಭಾವಳಿ. ಅಣೆಕಟ್ಟು ಕಟ್ಟಿದವರು, ಗ್ರಹಗಳ ಲೆಕ್ಕ ಹಾಕಿದವರು, ವಿದ್ಯುತ್ತಿನ ಬೆನ್ನು ಹತ್ತಿದವರು, ಎಲ್ಲರೂ ಈಗ ತಾನೇ ಮದುವೆಮನೆಗೆ ಹೊರಟ ಹಾಗೆ. ಕೆಳಗಿನ ಬರಹ ಓದಿದೆ. ಬಡ ಕುಟುಂಬದಲ್ಲಿ ಜನಿಸಿದರು. ಬೀದಿ ದೀಪದಲ್ಲಿ ಓದಿದರು. ಬೆಳಗಿನ ಜಾವ ಏಳುತ್ತಿದ್ದರು. ಮಿತವಾಗಿ ಊಟ ಮಾಡುತ್ತಿದ್ದರು. ತಂದೆ ತಾಯಿಯರಲ್ಲಿ ಅಪಾರ ಭಕ್ತಿ. ಪರದೇಶದವರಿಗೂ ಅದೇ ಬೀದಿ ದೀಪ. ಏನು ಕಂಡುಹಿಡಿದರು ಎನ್ನುವುದು ಕೊನೆಯ ಸಾಲಿನಲ್ಲಿ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ. ರೇಡಿಯಂ ಹುಡುಕಲು ಅದಿರನ್ನು ಕಡಾಯಿಯಲ್ಲಿ ಕುದಿಸಿ, ತನ್ನಷ್ಟೇ ಎತ್ತರದ ಕಬ್ಬಿಣದ ಕೋಲಿನಲ್ಲಿ ಕಲಕಿ ಕಲಕಿ ಕೈ ಬೊಬ್ಬೆ ಮಾಡಿಕೊಂಡ ಹೆಂಗಸೊಬ್ಬಳ ಚಿತ್ರದ ಕೆಳಗೆ 'ಆದರ್ಶ ಗೃಹಿಣಿ, ಮಮತಾಮಯಿ ತಾಯಿ' ಎಂದಿತ್ತು. ಓದಿ ನನಗೆ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು.

ಚಿತ್ರ ತೂಗುಹಾಕುವ ದಿನ ಮಂಡಳಿಯವರು ಒಬ್ಬೊಬ್ಬರಾಗಿ ಬಂದು ನೋಡಿದರು. ಕೇಳಿದ ಪ್ರಶ್ನೆಯೂ ಒಂದೇ.

"ಮೇಡಂ, ಈ ಲೆಕ್ಕದವ್ರು ಯಾವ ಪೈಕಿ?"

"ಗೊತ್ತಿಲ್ಲ."

"ನಮ್ಮ ಪೈಕಿ ಇರ್ಬೇಕು ಕಣ್ರೀ, ಹಣೆ ನೋಡಿ."

ಇನ್ನೊಬ್ಬರು, "ಹಣೆ ಫ್ಲೆಕ್ಸ್ ಅಂಗಡಿಯೋನು ಹಾಕಿರದು ಕಣಯ್ಯ, ಎಲ್ರಿಗೂ ಅದೇ ಹಣೆ" ಎಂದರು. ಆ ದಿನ ಅಲ್ಲಿ ಕೇಳಿಬಂದ ವಿಜ್ಞಾನದ ಮಾತು ಅದೊಂದೇ.

ಸಾಲಿನ ಕೊನೆಯಲ್ಲಿ ಒಂದು ಚೌಕಟ್ಟು ಖಾಲಿ ಉಳಿದಿತ್ತು. ಅದು ಯಾರಿಗೆ ಎಂದು ಕೇಳಿದ್ದಕ್ಕೆ ಕಾರ್ಯದರ್ಶಿಗಳು ದೊಡ್ಡ ಉಡುಗೊರೆ ಕೊಡುವವರ ಹಾಗೆ ಒಂದು ಹಾಳೆ ಚಾಚಿದರು.

"ನಿಮಗೇ ಮೇಡಂ! ನಮ್ಮ ನೆಲದ ಪ್ರತಿಭೆ. ಉದ್ಘಾಟನೆಗೆ ಬರೋರು ಸ್ಥಳೀಯರು ಒಬ್ರು ಇರ್ಲಿ ಅಂದವ್ರೆ. ಓದಿ, ತಪ್ಪಿದ್ರೆ ಹೇಳಿ."

ಓದಿದೆ. ಹರಿದ ಬಟ್ಟೆಯಲ್ಲಿ ಶಾಲೆಗೆ ಹೋದ, ಕೂಲಿಯ ಮನೆಯಲ್ಲಿ ಹುಟ್ಟಿದ, ಬೀದಿ ದೀಪದ ಕೆಳಗೆ ಓದಿದ ಯಾವುದೋ ಹೆಣ್ಣುಮಗಳ ಕಥೆ. ಕೊನೆಯಲ್ಲಿ ನನ್ನ ಹೆಸರು. ಸುಳ್ಳು ಹೇಳುವುದಿಲ್ಲ, ಚೌಕಟ್ಟಿನ ಮಾತು ಕೇಳಿದ ಕ್ಷಣ ಅಪ್ಪ ನೋಡಬೇಕಿತ್ತು ಅನ್ನಿಸಿತು. ಆದರೆ ಓದಿ ಮುಗಿಸುವ ಹೊತ್ತಿಗೆ ಆ ಆಸೆ ಹಳಸಿತ್ತು. ಹಾಳೆಯನ್ನು ಮನೆಗೆ ತಂದು ಅವ್ವನಿಗೆ ಓದಿ ಹೇಳಿದೆ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಯಲ್ಲೇ ಇದ್ದಾರೆ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಯಾವನೇ ಅದು ಬರ್ದೋನು? ಹರಿದ ಬಟ್ಟೆ ನಾನ್ ಯಾವತ್ತೇ ಹಾಕ್ ಕಳ್ಸಿದ್ದೆ ನಿಂಗೆ? ಕರಿ ಇಲ್ಲಿಗೆ ಅವ್ನ, ಟ್ರಂಕು ತೆಗೆದು ತೋರಿಸ್ತೀನಿ ನಿನ್ ಲಂಗ."

"ಹಂಗ್ ಬರುದ್ರೆ ಜನ ಮೆಚ್ಚುತಾರಂತೆ ಕಣವ್ವ."

"ಬೀದಿ ದೀಪನಂತೆ! ನಮ್ಮೂರಲ್ಲಿ ಬೀದಿ ದೀಪ ಯಾವತ್ತು ಉರಿದಿತ್ತೇ? ಮನೇಲಿ ಬಲ್ಬ್ ಉರೀತಿತ್ತಲ್ಲ, ನಿಮ್ಮಪ್ಪ ಕಣ್ಣಿಗೆ ಬೆಳಕು ಚುಚ್ತದೆ ಅಂತ ಮುಸುಕೆಳ್ಕಂಡು ಮಲಗ್ತಿತ್ತಲ್ಲ, ಅದು ಬರೀಲಿಲ್ವಾ? ಕೂಲಿ ಮಾಡೋರನ್ನ ಹೀನಾಯ ಮಾಡಕ್ಕೆ ನಾನ್ ಇದ್ನ ಹೇಳ್ತಿಲ್ಲ, ಆದ್ರೆ ನಾವ್ ಮಾಡ್ದೇ ಇದ್ದ ಕಷ್ಟ ನಮ್ ತಲೆಗೆ ಯಾಕ್ ಕಟ್ತಾರೆ? ಮಾಡಿದ್ ಕಷ್ಟ ಕಮ್ಮಿ ಐತಾ?"

ಅವ್ವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ನಾನು ಹೇಳಬೇಕೆಂದಿದ್ದದ್ದೂ ಅದೇ ಮಾತು. ಅಪ್ಪ ಮುಸುಕೆಳೆದುಕೊಂಡು ಮಲಗಿದ್ದು, ಮದುವೆಯ ಮಾತು ತಂದವರಿಗೆ 'ಪರೀಕ್ಷೆ ಮುಗೀಲಿ' ಎಂದು ಹೇಳಿ ಹೇಳಿ ನೆಂಟರ ಮುಖ ಮುರಿದುಕೊಂಡಿದ್ದು, ನಾನು ಗಣಿತದಲ್ಲಿ ಬಿದ್ದು ಎದ್ದದ್ದು, ಇವು ಯಾವುವೂ ಆ ಹಾಳೆಗೆ ಬೇಕಾಗಿರಲಿಲ್ಲ. ನನಗೆ ಇಷ್ಟು ಮಾಡಿದವರು ಆ ಗೋಡೆಯ ಮೇಲಿನವರಿಗೆ ಎಷ್ಟು ಮಾಡಿರಬೇಡ! ಎಷ್ಟು ಸಲ ತಪ್ಪಿದ ಲೆಕ್ಕಗಳು, ಒಡೆದ ಗಾಜುಗಳು, ನಂಬದವರ ಎದುರು ಒಣಗಿದ ಗಂಟಲುಗಳು. ಎಲ್ಲವನ್ನೂ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದರು.

ಮಾರನೆಯ ದಿನ ಹಾಳೆಯನ್ನು ವಾಪಸ್ ಕೊಟ್ಟು, "ನನ್ನ ಫೋಟೋ ಬೇಡ. ಲ್ಯಾಬ್ ಕೊಡಿ" ಎಂದೆ.

"ಅದು ಬೇರೆ, ಇದು ಬೇರೆ ಮೇಡಂ."

"ಹಾಗಾದರೆ ಸ್ಪೆಕ್ಟ್ರೋಮೀಟರ್ ಒಂದನ್ನಾದರೂ ಕೊಡಿ. ಸೆಮಿಸ್ಟರ್ ಮುಗಿಯುವ ಮುಂಚೆ ಹುಡುಗರಿಗೆ ಒಂದು ಸಲ ತೋರಿಸಿ ಕೊಡುತ್ತೇನೆ."

"ಅಯ್ಯೋ, ಅದೇ ಅಲ್ವಾ ಎಲ್ಲಕ್ಕಿಂತ ಹೊಳೆಯೋದು! ಬಾಗಿಲ ಎದುರಿಗೆ ಇಟ್ಟಿದೀವಿ. ಹುಡುಗ್ರು ಮುಟ್ಟಿ ಕರೆ ಮಾಡ್ಬಿಟ್ರೆ?"

ಉದ್ಘಾಟನೆ ಆಯಿತು. ದೀಪ, ಹಾರ, ಶಾಲು. ನನ್ನ ಚೌಕಟ್ಟು ಖಾಲಿ ಉಳಿಯಲಿಲ್ಲ. ಅದರೊಳಗೆ ಕಾರ್ಯದರ್ಶಿಗಳ ತಂದೆಯವರು ಪೇಟ ಸುತ್ತಿಕೊಂಡು ಕೂತಿದ್ದರು. ಹಿಂದೆ ಯಾವುದೋ ಕಾಲದಲ್ಲಿ ಊರಿಗೆ ಮೊದಲ ಹಿಟ್ಟಿನ ಗಿರಣಿ ತಂದವರಂತೆ, ಗಿರಣಿ ಕೆಟ್ಟಾಗ ತಾವೇ ಬಿಚ್ಚಿ ಜೋಡಿಸುತ್ತಿದ್ದರಂತೆ. 'ಈ ಸೀಮೆಯ ಪ್ರಪ್ರಥಮ ಇಂಜಿನಿಯರ್' ಎಂದು ಕೆಳಗೆ ಬರೆದಿತ್ತು. ಬಿಚ್ಚಿ ಜೋಡಿಸಿದ್ದು ನಿಜವಾಗಿದ್ದರೆ ಅದು ಸಣ್ಣ ಕೆಲಸವಲ್ಲ, ನಾನು ಹಂಗಿಸುವುದಿಲ್ಲ. ಆದರೆ ಆ ಹಿರಿಯರೂ ಬೀದಿ ದೀಪದಲ್ಲೇ ಓದಿದ್ದರು ಎಂದು ಬರೆಸಿದ್ದರಲ್ಲ, ಅಲ್ಲಿಗೆ ನಾನು ಎದ್ದು ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ಮಂದಿರಕ್ಕೆ ಬೀಗ ಬಿತ್ತು. ಕಾರ್ಯದರ್ಶಿಗಳು ಮಂಗಳವಾರ ಬಂದು ಊದುಬತ್ತಿ ಹಚ್ಚಿ ಹೋಗುತ್ತಿದ್ದರು. ಹುಡುಗರು ಕಿಟಕಿಯ ಸರಳಿನಿಂದ ಇಣುಕಿ ಹೋಗುತ್ತಿದ್ದರು. ಪರೀಕ್ಷೆ ಹತ್ತಿರ ಬರುತ್ತಿತ್ತು. ಕೊನೆಯ ವರ್ಷದಲ್ಲಿದ್ದ ಮಕ್ಕಳು ಬೆರಳೆಣಿಕೆಯಷ್ಟು, ಹೆಚ್ಚಿನವರು ಹೆಣ್ಣುಮಕ್ಕಳು, ಬಹುಪಾಲು ನನ್ನ ಹಾಗೇ ಮನೆಗೆ ಮೊದಲನೆಯವರು. ಅವರ ರೆಕಾರ್ಡ್ ಪುಸ್ತಕದಲ್ಲಿ ಪ್ರಯೋಗಗಳೆಲ್ಲ ಹಿಂದಿನ ವರ್ಷದವರದ್ದನ್ನು ನೋಡಿ ಬರೆದು ತಯಾರಾಗಿದ್ದವು. ಮಾರ್ಕ್ಸು ಬರುತ್ತದೆ, ಡಿಗ್ರಿ ಬರುತ್ತದೆ. ಆದರೆ ಆ ಗೆರೆ ನಿಂತು ತಿರುಗುವುದನ್ನು ಕಾಣದೇ ಈ ಮಕ್ಕಳು ಆಚೆ ಹೋಗಿಬಿಡುತ್ತಾರೆ. ನನಗೆ ಕೂತ ಹೊತ್ತು ಮಲಗಿದ ಹೊತ್ತು ಅದೇ ಕೊರೆಯುತ್ತಿತ್ತು. ನಾಳೆ ಇವರು ಟೀಚರ್ ಆಗುತ್ತಾರೆ, ಇವರೂ ಬೀದಿ ದೀಪದ ಕಥೆ ಹೇಳುತ್ತಾರೆ.

ಒಂದು ದಿನ ಮನೆಯಲ್ಲಿ ಅವ್ವ ಅಟ್ಟದಿಂದ ಸಾಮಾನು ಇಳಿಸಿ ತೊಳೆಯುತ್ತಿದ್ದರು. ಅದರಲ್ಲಿ ಅವರ ಚಕ್ಕುಲಿ ಒರಳು. ಹಿತ್ತಾಳೆಯದು, ಉದ್ದನೆಯ ಕೊಳವೆ, ಮೇಲೆ ತಿರುಗಿಸುವ ಹಿಡಿ, ಎರಡು ಪಕ್ಕಕ್ಕೆ ಎರಡು ಕಿವಿ. ಹುಣಸೆಹಣ್ಣಿನಲ್ಲಿ ಉಜ್ಜಿ ಗೋಡೆಗೆ ಆನಿಸಿದ್ದರು. ಬಿಸಿಲಿನಲ್ಲಿ ಅದು ಹೊಳೆದ ರೀತಿ ನೋಡಿ ನಾನು ಅಲ್ಲೇ ನಿಂತೆ.

ಅಟೆಂಡರ ಹತ್ತಿರ ಮಂದಿರದ ಕೀಲಿ ಇತ್ತು. ಒರಳನ್ನು ಚೀಲದಿಂದ ತೆಗೆದು ತೋರಿಸಿದೆ. ಅವರು ಒರಳು ನೋಡಿದರು, ನನ್ನನ್ನು ನೋಡಿದರು.

"ಇದು ಚಕ್ಲಿ ಒಳ್ಳು ಅಲ್ವಾ ಮೇಡಂ?"

"ಹೌದು."

"ಸಿಕ್ಬಿದ್ರೆ?"

"ಮೇಡಂ ಮಾಡಿದ್ದು ಅಂತ ನನ್ನ ಹೆಸರು ಹೇಳಿ."

ಅವರು ಕೀಲಿ ಕೈಗೆತ್ತಿಕೊಂಡು, "ಗೆರೆ ಅಳಿಸಿದ್ದು ನಾನೇ ತಾನೆ. ಬನ್ನಿ" ಎಂದರು. ಸ್ಪೆಕ್ಟ್ರೋಮೀಟರ್ ಆಚೆ ಬಂತು, ಒರಳು ಒಳಗೆ ಹೋಯಿತು. ಒಂದು ಮರದ ಮಣೆಯ ಮೇಲೆ ಅದನ್ನು ಅಡ್ಡಲಾಗಿ ಇಟ್ಟು, ಹಿಡಿ ಬಾಗಿಲ ಕಡೆ ಕಾಣುವ ಹಾಗೆ ತಿರುಗಿಸಿದವರು ಅವರೇ. "ಹಿಂಗ್ ಇಟ್ರೆ ದುರ್ಬೀನ್ ಥರ ಕಾಣ್ತದೆ."

ಸೈಕಲ್ ಸ್ಟ್ಯಾಂಡಿನ ಹಿಂದೆ ಹಳೆಯ ಜನರೇಟರ್ ಇಟ್ಟಿದ್ದ ಕೋಣೆ ಖಾಲಿ ಬಿದ್ದಿತ್ತು. ಡೀಸೆಲ್ ವಾಸನೆ, ಹೆಗ್ಗಣದ ಬಿಲ. ಕಿಟಕಿಗೆ ಗೋಣಿ ಕಟ್ಟಿದೆವು. ಸೋಡಿಯಂ ದೀಪ ಹೊಳೆಯುವ ಸಾಮಾನಲ್ಲವಾದ್ದರಿಂದ ಗುಜರಿಯ ಜೊತೆ ಬಿಸಾಡಿದ್ದರು, ಹುಡುಕಿ ತಂದೆವು. ಪ್ರಿಸಂ ನನ್ನ ಬೀರುವಿನಲ್ಲಿತ್ತು. ಇಲ್ಲದ್ದು ಗೆರೆ. ಗೆರೆಯಿಲ್ಲದ ತಟ್ಟೆಯನ್ನು ಮಕ್ಕಳ ಮುಂದೆ ಇಟ್ಟು, "ನೀವೇ ಹಾಕಿ" ಎಂದೆ.

ಡ್ರಾಯಿಂಗ್ ಹಾಳೆಯ ಮೇಲೆ ಕೈವಾರದಿಂದ ತಟ್ಟೆಯ ಅಳತೆಗೆ ವೃತ್ತ ಎಳೆದರು. ಆರು ಭಾಗ ಮಾಡುವುದು ಸುಲಭ, ಅದನ್ನು ಹನ್ನೆರಡು ಮಾಡುವುದೂ ಸುಲಭ. ಅಲ್ಲಿಂದ ಮುಂದೆ ಶುರುವಾಯಿತು ಒದ್ದಾಟ. ಒಂದು ಡಿಗ್ರಿ ಅಂದರೆ ಎಷ್ಟು ಕಿರಿದು ಎಂದು ಅವರಿಗೆ ಆ ದಿನವೇ ಗೊತ್ತಾದದ್ದು. ಪೆನ್ಸಿಲ್ ಮೊನೆ ದಪ್ಪವಾದರೆ ಗೆರೆಯೇ ಅರ್ಧ ಡಿಗ್ರಿ ತಿನ್ನುತ್ತಿತ್ತು. ಒಂದು ಸುತ್ತು ಬರುವ ಹೊತ್ತಿಗೆ ಕೊನೆಯ ಭಾಗ ಹೆಚ್ಚು ಬರುತ್ತಿತ್ತು, ಇಲ್ಲವೇ ಕಮ್ಮಿ ಬೀಳುತ್ತಿತ್ತು. ಹರಿದು ಬಿಸಾಡಿ ಮತ್ತೆ ಎಳೆದರು. ಒಬ್ಬಳು ಹಣೆ ಚಚ್ಚಿಕೊಂಡು, "ಮೇಡಂ, ಇದನ್ನ ಮೊದಲು ಯಾವ ಪುಣ್ಯಾತ್ಮ ಕೊರೆದನೋ! ಅವನ ಹೆಂಡ್ತಿ ಎಷ್ಟು ಬೈದಿರ್ಬೇಕು!" ಅಂದಳು. ಎಲ್ಲರೂ ನಕ್ಕರು. ಗೋಡೆಯ ಮೇಲಿನ ಯಾವ ಬರಹವೂ ಹೇಳದಿದ್ದ ಜೀವನಚರಿತ್ರೆಯನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು.

ಕಾಗದದ ವೃತ್ತವನ್ನು ಗೋಂದು ಹಚ್ಚಿ ತಟ್ಟೆಯ ಮೇಲೆ ಕೂರಿಸಿದೆವು. ದೀಪ ಗುಲಾಬಿಯಾಗಿ ಹತ್ತಿ ಅರಿಸಿನಕ್ಕೆ ತಿರುಗಿತು. ಒಬ್ಬೊಬ್ಬರಾಗಿ ಕೂತರು. ನಾನು ಹಿಂದೆ ನಿಂತು, ಎಲ್ಲಿ ನಿಲ್ಲುತ್ತದೆ ಎಂದು ಹೇಳದೆ ಬಾಯಿ ಬಿಗಿಹಿಡಿದುಕೊಂಡೆ. ಹಣೆ ಚಚ್ಚಿಕೊಂಡವಳೇ ಮೊದಲು ಕಂಡಳು.

"ಮೇಡಂ... ನಿಂತ್ಕಂತು. ಅಯ್ಯೋ, ವಾಪಸ್ ಹೋಗ್ತೈತೆ ಕಣ್ರೇ!"

ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹತ್ತಿರವಿತ್ತು, ಅದೇ ಆಗಿರಲಿಲ್ಲ. ಅವಳು ಮೆಲ್ಲಗೆ, "ಬುಕ್ಕಲ್ಲಿರೋದನ್ನೇ ಬರ್ಕೊಳ್ಳೋಣ್ವಾ ಮೇಡಂ?" ಎಂದಳು. "ಬಂದದ್ದು ಬರಿ" ಎಂದೆ. ಬರೆದಳು. ಪರೀಕ್ಷೆಗೆ ಬಂದವರು ಹೋಳಿಗೆ ಊಟ ಮಾಡಿ, ಆ ಪುಟ ತೆರೆಯದೆಯೇ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟು ಹೋದರು. ಕಾರ್ಯದರ್ಶಿಗಳು ನನ್ನ ಕಡೆ ನೋಡಿ ಅದೇ ನಗೆ ನಕ್ಕರು. ನಗಲಿ.

ಅಟೆಂಡರು ಈಗ ನಿವೃತ್ತರಾಗಿದ್ದಾರೆ, ಅವರಿಗೆ ಇನ್ನು ತೊಂದರೆಯಿಲ್ಲ ಎಂದೇ ಇದನ್ನು ಬರೆಯುತ್ತಿದ್ದೇನೆ. ಸ್ಪೆಕ್ಟ್ರೋಮೀಟರ್ ಜನರೇಟರ್ ಕೋಣೆಯಲ್ಲೇ ಇದೆ, ಪ್ರತಿ ವರ್ಷದ ಮಕ್ಕಳು ತಮ್ಮ ಕಾಗದಕ್ಕೆ ತಾವೇ ಗೆರೆ ಎಳೆದು ಅಂಟಿಸುತ್ತಾರೆ. ಮಂದಿರದ ಗಾಜಿನ ಪೆಟ್ಟಿಗೆಯಲ್ಲಿ 'ಬೆಳಕನ್ನು ಸೀಳಿದ ಯಂತ್ರ' ಎಂಬ ಫಲಕದ ಹಿಂದೆ ಅವ್ವನ ಚಕ್ಕುಲಿ ಒರಳು 'ದುರ್ಬೀನ್ ಥರ' ಕೂತಿದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದು ತೋರಿಸುತ್ತಾರೆ. ಗಣ್ಯರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಆಯುಧಪೂಜೆಯ ದಿನ ಕಾರ್ಯದರ್ಶಿಗಳು ಅದರ ಎರಡು ಕಿವಿಗೂ ಕುಂಕುಮ ಇಟ್ಟು ಕೈ ಮುಗಿದದ್ದನ್ನು ನಾನೇ ನೋಡಿದ್ದೇನೆ. ಚಕ್ಕುಲಿ ತಿಂದು ಬೆಳೆದ ಊರಿನ ಇಷ್ಟು ಜನರಲ್ಲಿ ಒಬ್ಬರೂ ಅದನ್ನು ಗುರುತು ಹಿಡಿದಿಲ್ಲ. ಕೈ ಮುಗಿಯುವಾಗ ಯಾರೂ ಕಣ್ಣು ಬಿಟ್ಟಿರುವುದಿಲ್ಲ.

ಗೌರಿಹಬ್ಬ ಹತ್ತಿರ ಬಂದಾಗಲೆಲ್ಲ ಅವ್ವ ಕೇಳುತ್ತಾರೆ.

"ನನ್ ಒಳ್ಳು ಯಾವಾಗ್ ತತ್ತೀಯೇ?"

"ಬರಲ್ಲ ಕಣವ್ವ ಅದು. ದೊಡ್ಡೋರ ಸಾಲಿಗೆ ಸೇರ್ಕಂಡ್ಬಿಟ್ಟೈತೆ."



"ಸೇರ್ಕಂಡ್ರೆ ಸೇರ್ಕಳ್ಳಿ. ಆಗಾಗ ಹುಣಸೇಹಣ್ಣಾಕಿ ಬೆಳಗಕ್ಕೆ ಹೇಳು. ಇಲ್ದಿದ್ರೆ ಕಿಲುಬು ಕಟ್ತದೆ."